ಅಮ್ಮಿ ಕೊಟ್ಟು ಹೋದ ಕೆಂಡ

ಆಳಂದ
೧೨ ಡಿಸೆಂಬರ್ ೧೯೪೮

ಪ್ರಿಯ ಇಸ್ಮಾಯಿಲ,

ಮುಂದೆ ಓದುವ ಮೊದಲು ಎದ್ದು ಬಾಗಿಲು ಹಾಕಿಕೊಂಡು ಬಾ. ಇದು ಒಬ್ಬ ಅಪರಾಧಿಯ ತಪ್ಪೊಪ್ಪಿಗೆ. ತುಳಸಾಬಾಯಿಯ ಮಗನೂ ಇಂಟರ್‌ಮೀಡಿಯೆಟ್ ಪಾಸಾದವನೂ ಸರಕಾರಿ ಶಾಲೆಯ ಮಾಸ್ತರನೂ ಆದ ನರಸಿಂಹನೆಂಬ ನಾನು, ಬುದ್ಧಿ ನೆಟ್ಟಗಿರುವಾಗಲೇ, ಹಾಡಹಗಲೇ ಒಂದು ಕಳವು ಮಾಡಿದ್ದೇನೆ. ಕದ್ದ ಮಾಲು ತಗಡಿನ ಫಲಕ. ಅದರ ಮೇಲಿನ ಬರಹ ‘ನದಾಫ ಗಲ್ಲಿ.’

ನಮ್ಮ ಗಲ್ಲಿಗೆ ಈಗ ಹೊಸಪೇಟೆ ಎಂದು ಹೆಸರಿಟ್ಟಿದ್ದಾರೆ. ಹಳೆಯ ಫಲಕವನ್ನು ಕಿತ್ತು ಕಸದ ಬಂಡಿಗೆ ಒಗೆದಿದ್ದರು. ಅದನ್ನು ಅಂಗಿಯೊಳಗೆ ತುರುಕಿಕೊಂಡು, ಹೊಟ್ಟೆನೋವು ಬಂದವನ ಹಾಗೆ ಬಾಗಿ ನಡೆಯುತ್ತ ಮನೆ ಸೇರಿದೆ. ದಾರಿಯಲ್ಲಿ ಇಬ್ಬರು ನಿಲ್ಲಿಸಿ ಅಜವಾನದ ಕಷಾಯ ಕುಡಿಯಲು ಹೇಳಿದರು. ಸದ್ಯ ಫಲಕ ನನ್ನ ಜೋಳದ ಗಡಿಗೆಯ ಮುಚ್ಚಳವಾಗಿದೆ. ಇಡೀ ಗಲ್ಲಿ ಸೇರಿ ನನ್ನನ್ನು ಇಲಿಗಳಿಂದ ಕಾಪಾಡುತ್ತಿದೆ.

ನಿನ್ನ ಪತ್ರ ದೀಪಾವಳಿಯ ಹೊತ್ತಿಗೇ ಬಂತು. ಉತ್ತರ ತಡವಾಯಿತು, ಬೈದುಕೋ. ಕೆಲಸದ ನೆಪ ಹೇಳಬಹುದು. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸುತ್ತಿದ್ದ ಜುಗ್ರಾಫಿಯಾವನ್ನು ಇನ್ನು ಕನ್ನಡದಲ್ಲಿ ಕಲಿಸಬೇಕೆಂಬ ಮಾತು ಶಾಲೆಯಲ್ಲಿ ನಡೆದಿದೆ. ಅದರ ಹೆಸರು ಭೂಗೋಳವಂತೆ. ಭೂಮಿ ಯಾರದೋ, ಗೋಳು ಮಾತ್ರ ನನ್ನದು. ಆದರೆ ತಡವಾದದ್ದು ಅದಕ್ಕಲ್ಲ. ನೀನು ಎರಡೇ ಪ್ರಶ್ನೆ ಕೇಳಿದ್ದೆ. ‘ಮನಿ ಖಾಲಿ ಅದನಾ? ಅಮ್ಮಿ ಕೊಟ್ಟ ಕೆಂಡ ಇನ್ನಾ ಅದನಾ? ಎರಡರಾಗ ಒಂದಕ್ಕರ ನೀ ಹೌದು ಅಂದ್ರ ಆಕಿ ಹೈದರಾಬಾದದಾಗ ಇನ್ನೊಂದಿನ ನಿಲ್ಲಾಂಗಿಲ್ಲ ಅಂತಾಳ.’ ಹೌದು ಎಂಬುದು ಎರಡಕ್ಷರದ ಮಾತು. ಅದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಮೊದಲನೆಯ ಪ್ರಶ್ನೆಗೆ ಉತ್ತರ, ಇಲ್ಲ. ನಿಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಗೌಸಮೊಹಿದ್ದೀನ ಸಾಹೇಬರು ಸೆಪ್ಟೆಂಬರಿನಲ್ಲಿ ಫೌಜು ಬಂದ ಗಲಾಟೆಗೆ ಹೊರಟ ನಿಮ್ಮ ಬೆನ್ನಿಗೇ ಊರು ಬಿಟ್ಟರು. ಬಿಡುವ ಮುನ್ನ ನನ್ನ ಮನೆಯೊಂದು ಬಿಟ್ಟು ಗಲ್ಲಿಯ ಎರಡೂ ಸಾಲುಗಳನ್ನು ಹತ್ತಿ ಅಡತಿಯ ದೊಡ್ಡಪ್ಪ ಸಾವಕಾರರಿಗೆ ಸಿಕ್ಕ ಬೆಲೆಗೆ ಕೊಟ್ಟು ಹೋದರು. ನೀವೆಲ್ಲ ಹತ್ತಿ ಹಿಂಜುತ್ತಿದ್ದ ಜಾಗ ಹತ್ತಿಯ ಅಂಡಿಗೆ ಪೇರಿಸಲು ಬಹಳ ಅನುಕೂಲವಂತೆ. ಎದುರು ಸಾಲಿನ ಮಾಳಿಗೆಗಳೆಲ್ಲ ಮಳಿಗೆಗಳಾದವು. ಒಂದು ದೀರ್ಘ ಹೋಯಿತು ನೋಡು, ಅದರ ಹಿಂದೆ ಅಷ್ಟೂ ಸಂಸಾರಗಳು ಹೋದವು.

ಹೋದವರು ನಿಮ್ಮ ಜನ ಮಾತ್ರ ಅಲ್ಲ. ಮೂಲೆಮನೆಯಲ್ಲಿ ಶಾವಿಗೆ ಹೊಸೆಯುತ್ತಿದ್ದ ಸುಭದ್ರಾಬಾಯಿ ಹೊಸ ಬಾಡಿಗೆ ಎಷ್ಟೆಂದು ಕೇಳಿದವಳೇ ಮಣ್ಣೂರಿನ ತಂಗಿಯ ಮನೆಗೆ ಗಂಟು ಕಟ್ಟಿದಳು. ‘ಮಾಸ್ತರ್ರ, ಗಲಾಟಿ ದಿನದಾಗ ಹೊರಸಿನ ಬುಡಕ ಕುಂತು ಉಳದೆ. ಈಗ ಬಾಡಿಗಿ ಬಂದದ, ಯಾವುದರ ಬುಡಕ ಕೂಡ್ಲಿ ಹೇಳ್ರಿ?’ ಅಂದಳು. ಎಲ್ಲದಕ್ಕೂ ಒಂದು ಚಟಾಕಿ ಹಾರಿಸುವ ನಾನು ಗಂಟು ಎತ್ತಿ ಬಂಡಿಯಲ್ಲಿಟ್ಟೆ.

ಈ ಎರಡು ಕೋಣೆ ಅವ್ವ ಬಿಟ್ಟು ಹೋದ ಸ್ವಂತದ್ದಾದ್ದರಿಂದ ನಾನೊಬ್ಬ ಉಳಿದೆ. ಬೆಳಗಾಗೆದ್ದು ನೀನು ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದಾಗ, ‘ಲೇ, ಸತ್ತವರನ್ನೂ ಎಬ್ಬಸ್ತೀಯೇನಲೇ’ ಎಂದು ಗೋಡೆ ಬಡಿದು ಬೈಯುತ್ತಿದ್ದೆನಲ್ಲ, ಈಗ ಆ ಸಪ್ಪಳವಿಲ್ಲದೆ ಎಚ್ಚರವೇ ಆಗುವುದಿಲ್ಲ. ಶಾಲೆಗೆ ತಡವಾಗಿ ಹೋಗಿ ಹೆಡ್‌ಮಾಸ್ತರರಿಂದ ಬೈಸಿಕೊಳ್ಳುತ್ತೇನೆ. ಬೈಗಳು ಊರಲ್ಲೇ ಇವೆ, ದಿಕ್ಕು ಬದಲಾಗಿದೆ ಅಷ್ಟೆ. ಸಂಜೆ ಮನೆಗೆ ಬಂದು ದಿನದ ಹೊಸ ಚಟಾಕಿಯನ್ನು ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ನಾನೇ ನಗುತ್ತೇನೆ. ಇದಕ್ಕಿಂತ ಕೆಟ್ಟ ಸದ್ದು ಇನ್ನೊಂದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ, ಹೌದು! ನೀವು ಬಂಡಿ ಹತ್ತುವ ಮುನ್ನ ಅಮ್ಮಿ ನಮ್ಮಿಬ್ಬರ ಒಲೆಗಳ ನಡುವಿನ ಕಿಂಡಿಯಿಂದ ಕೊನೆಯ ಸಲ ಕೈ ಚಾಚಿದ್ದು ನೆನಪಿದೆಯಲ್ಲ? ಒಡಕು ಮಡಕೆಯ ಚೂರಿನಲ್ಲಿ ಕೆಂಡ ಕೊಟ್ಟು, ‘ನರಸ್ಯಾ, ಆರಸಬ್ಯಾಡ ಬೇಟಾ. ತಿರುಗಿ ಬಂದ ಮ್ಯಾಲ ನಿನ್ನ ಕಡಿಂದನೇ ಇಸ್ಕೋತೇನಿ’ ಅಂದಳು. ಅದೇ ಬೆಂಕಿ. ಮಲಗುವ ಮೊದಲು ಸಗಣಿ ಕುಳ್ಳು ಇಟ್ಟು ಬೂದಿ ಮುಚ್ಚುತ್ತೇನೆ, ಎದ್ದ ಕೂಡಲೇ ಊದುತ್ತೇನೆ. ಅಗ್ನಿಹೋತ್ರಿಗಳ ಮನೆತನದಲ್ಲಿ ಹುಟ್ಟಿಯೂ ಯಾವ ಅಗ್ನಿಯನ್ನೂ ಕಾಯದ ನಾನು ಈಗ ನಿನ್ನ ಅಮ್ಮಿ ಮದೀನಾಬಿಯ ಕೆಂಡ ಕಾಯುತ್ತಿದ್ದೇನೆ. ಕೆಂಡಕ್ಕೆ ಮೈಲಿಗೆಯಿಲ್ಲ ಎಂದು ಅವ್ವ ಬರೀ ಕೆಂಡಕ್ಕಷ್ಟೇ ಒಪ್ಪಿದ್ದಳು, ಪಾಪ. ಅದರ ಬೆನ್ನಿಗೇ ಬರುತ್ತಿದ್ದ ರೊಟ್ಟಿಯ ವಿಷಯ ಆಕೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಿಮ್ಮ ಮನೆಯಲ್ಲಿ ಈಗ ಸಾವಕಾರರ ಗುಮಾಸ್ತ, ಜೇವರ್ಗಿಯ ನಾಗಣ್ಣ ಇದ್ದಾನೆ. ಜೊತೆಗೆ ಅವನ ತಾಯಿ ಗೌರಾಬಾಯಿ. ಆಕೆ ಬಂದ ಮರುದಿನವೇ ಕಿಂಡಿಯಿಂದ ಕೆಂಡ ಚಾಚಿದಳು. ನಾನು ಬಗ್ಗಿ ನೋಡಲೂ ಇಲ್ಲ.

‘ಬ್ಯಾಡ್ರಿ. ನಮ್ಮ ಒಲಿ ಉರ್ಯಾಕತ್ತದ’ ಅಂದೆ.

‘ಹಂಗಲ್ರಿ, ಕಿಂಡಿ ಅದ ಅಂದ್ರ ಕೊಡೂ ರೂಢಿ ಇರಬೇಕು ಅನಕೊಂಡೆ. ಜೇವರ್ಗ್ಯಾಗ ನಮ್ಮ ಮನಿಗೂ ಇತ್ತು’ ಎಂದು ಕೈ ಹಿಂದೆ ತೆಗೆದುಕೊಂಡಳು. ನನ್ನ ನಿಷ್ಠೆ ನೋಡಿದೆಯಾ?

ಇನ್ನೂ ಕೇಳು. ಮೊನ್ನೆ ಸಾವಕಾರರೇ ಗೋಡೆ ಕಟ್ಟುವ ಗೌಂಡಿ ಯಾಕೂಬಸಾಬನನ್ನು ಕರೆದುಕೊಂಡು ಬಂದಿದ್ದರು.

‘ಏನ್ರಿ ಮಾಸ್ತರ್ರ ಇದು ತೂತ? ನಿಮ್ಮ ಹೊಗಿ ಎಲ್ಲಾ ಈ ಕಡಿ ಬರ್ತದ. ಮುಚ್ಚಸ್ತೇನಿ.’

‘ಗ್ವಾಡಿ ಅರ್ಧ ನಂದದರಿ ಸಾವಕಾರ್ರ. ನಿಮ್ಮ ಅರ್ಧ ತೂತ ಬೇಕಾದ್ರ ಮುಚ್ಚಕೋರಿ. ನನ್ನ ಅರ್ಧ ತೆರದೇ ಇರ್ಲಿ.’

ಯಾಕೂಬಸಾಬ ಕೈಯಲ್ಲಿದ್ದ ಕರಣಿಯಿಂದಲೇ ತಲೆ ಕೆರೆದುಕೊಂಡ. ‘ನನ್ನ ಉಸ್ತಾದ ಎಲ್ಲಾ ಕಲಿಸ್ಯಾನ್ರಿ. ಅರ್ಧ ತೂತ ಮುಚ್ಚೂದೊಂದು ಕಲಿಸಿಲ್ಲ.’

ಒಳಗಿನಿಂದ ಗೌರಾಬಾಯಿಯ ದನಿ ಬಂತು. ‘ಇರ್ಲಿ ಬಿಡ್ರಿ ಸಾವಕಾರ್ರ, ಗಾಳಿ ಆಡ್ತದ.’

‘ಮನೀನೂ ಕೊಡಾಂಗಿಲ್ಲ, ತೂತೂ ಕೊಡಾಂಗಿಲ್ಲ, ಎಂಥಾ ಮನಷ್ಯಾರಿ ನೀವು!’ ಎಂದು ಸಾವಕಾರರು ಹೊರಟುಹೋದರು. ಅಂತೂ ಹೊಸಪೇಟೆಯಲ್ಲಿ ಉಳಿದಿರುವ ಒಂದೇ ಹಳೆಯ ಕಿಂಡಿ ನಮ್ಮದು. ಅಮ್ಮಿಗೆ ಹೇಳು, ಆಕೆಯ ಕೈಗಾಗಿ ಅದನ್ನು ತೆರೆದೇ ಇಟ್ಟಿದ್ದೇನೆ, ಬೇರೆ ಯಾರ ಕೈಗೂ ಅಲ್ಲ ಎಂದು.

ಆದ್ದರಿಂದ ಬಾ. ನನ್ನ ಎರಡು ಕೋಣೆಗಳಲ್ಲಿ ಒಂದು ನಿಮ್ಮದು. ಅವ್ವನ ತುಳಸಿಕಟ್ಟೆಗೆ ನಿನ್ನ ಬಿಲ್ಲು ಒರಗಿಸದಿದ್ದರೆ ಸಾಕು, ಬೇರೆ ಕರಾರಿಲ್ಲ. ಕೆಲಸ ಸಿಗುವುದೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹೊಸಪೇಟೆಯವರು ಹತ್ತಿ ತೂಗುತ್ತಾರೆ, ಹಿಂಜಿಸುವುದಿಲ್ಲ. ಬಂದಾಗ ಗಲ್ಲಿಯನ್ನು ಮಾತ್ರ ಹುಡುಕಬೇಡ. ಅದು ನನ್ನ ಗಡಿಗೆಯ ಮೇಲಿದೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಬಂತೇ, ಬರೆ. ಅಮ್ಮಿಯ ಪಾದ ಮುಟ್ಟಿದೆನೆಂದು ಹೇಳು. ನಮಾಜಿನ ಕೊನೆಗೆ ಎಲ್ಲರ ಹೆಸರೂ ಮುಗಿದ ಮೇಲೆ ನನ್ನದೂ ಒಂದು ಸೇರಿಸಲಿ.

ನಿನ್ನ ನೆರೆಯವ (ಈಗಲೂ),
ನರಸ್ಯಾ

ತಾ. ಕ.: ಇಲ್ಲಿಂದ ಮುಂದೆ ಅಮ್ಮಿಗೆ ಓದಿ ಹೇಳಬೇಡ.

ಕೆಂಡ ಆರಿತು, ಇಸ್ಮಾಯಿಲ. ಹೋದ ತಿಂಗಳು ಜ್ವರ ಬಂದು ಮಲಗಿಬಿಟ್ಟೆ. ಊದುವವರು ಯಾರೂ ಇರಲಿಲ್ಲ. ಕಣ್ಣು ಬಿಟ್ಟಾಗ ಒಲೆಯಲ್ಲಿ ಬರೀ ಬೂದಿ. ತೆವಳಿಕೊಂಡು ಹೋಗಿ ಅದನ್ನು ಕೆದಕುತ್ತ ಕೂತೆ. ಆಗ ಕಿಂಡಿಯಲ್ಲಿ ಒಂದು ಕೈ ಬಂತು. ನರ ಎದ್ದ ಮುದಿ ಕೈ, ಮಡಕೆಯ ಚೂರು, ಅದರಲ್ಲಿ ಕೆಂಡ.

‘ಅಮ್ಮಿ, ಯಾವಾಗ ಬಂದಿ?’ ಎಂದೆ.

ಗೌರಾಬಾಯಿ ಚೂರನ್ನು ಇನ್ನಷ್ಟು ಮುಂದೆ ಚಾಚಿದಳು. ‘ಈಗ ಬಂದೆ, ಯಪ್ಪಾ. ಹಿಡಿ, ಕೈ ಸುಡ್ತದ’ ಅಂದಳು.

ಹಿಡಿದೆ. ನನ್ನ ಒಲೆಯಲ್ಲಿ ಈಗ ಉರಿಯುತ್ತಿರುವುದು ಆಕೆಯ ಬೆಂಕಿ. ಸಾವಕಾರರ ಜೊತೆ ನಾನು ಜಗಳಾಡಿದ್ದು ಅದಾದ ಮೇಲೆ.

ಇಷ್ಟೇ ಆಗಿದ್ದರೆ ಜ್ವರದ ಮೇಲೆ ಹಾಕಿ ಪಾರಾಗುತ್ತಿದ್ದೆ. ಎರಡು ದಿನಕ್ಕೆ ಜ್ವರ ಬಿಟ್ಟಿತು, ಬುದ್ಧಿ ನೆಟ್ಟಗಾಯಿತು. ಬೆಳಿಗ್ಗೆ ಮತ್ತೆ ಆ ಕೈ ಬಂದಾಗ, ಅದು ಯಾರದೆಂದು ಚೆನ್ನಾಗಿ ತಿಳಿದೂ, ಮತ್ತೆ ಅದನ್ನೇ ಕೇಳಿದೆ, ‘ಅಮ್ಮಿ, ಯಾವಾಗ ಬಂದಿ?’