ಒಂದನೇ ತರಗತಿಯ ಹುಡುಗಿಗೆ ಅತ್ಯುತ್ತಮ ಶಿಕ್ಷಕಿಯ ಹೂಗುಚ್ಛ

ಮಾನ್ಯ ಜಿಲ್ಲಾ ಶಿಕ್ಷಣಾಧಿಕಾರಿಗಳೇ,

ಕಳೆದ ವಾರ ನಮ್ಮ ಶಾಲೆಯ ಅಕ್ಷರ ಹಬ್ಬದಲ್ಲಿ ತಾವು ‘ಅತ್ಯುತ್ತಮ ಶಿಕ್ಷಕಿ’ಯೆಂದು ಹೂಗುಚ್ಛ ಕೊಟ್ಟದ್ದು ಒಂದನೇ ತರಗತಿಯ ವಿದ್ಯಾರ್ಥಿನಿಗೆ. ಅವಳು ನನ್ನ ತಂಗಿಯ ಮಗಳು ಶಗೂಫಾ, ವಯಸ್ಸು ಹದಿಮೂರು. ಅವಳನ್ನು ಆ ತರಗತಿಯಲ್ಲಿ ಕೂರಿಸಿದ್ದು ತಮ್ಮದೇ ಕಚೇರಿ.

ಗಡಿಯಾಚೆಯ ನಮ್ಮೂರು ಮಝಾರ್‌ನಲ್ಲಿ ಅವಳು ಆರನೆಯದನ್ನು ಮುಗಿಸಿದ್ದಳು. ಅಲ್ಲಿ ಹೆಣ್ಣುಮಕ್ಕಳಿಗೆ ಮುಂದಿನ ತರಗತಿಯೇ ಇಲ್ಲವೆಂದಾಯಿತು. ಮನೆ ಬಾಗಿಲಿಗೆ ಬಂದೂಕಿನವರೂ ಬಂದರು. ಗಡಿ ದಾಟಿ ತಜಿಕಿಸ್ತಾನಕ್ಕೆ ಬಂದೆವು. ತಮ್ಮ ಮಾತೂ ನಮ್ಮ ಮಾತೂ ಒಂದೇ ಫಾರ್ಸಿ. ಆದರೆ ತಾವು ಅದನ್ನು ರಷ್ಯನ್ ಅಕ್ಷರಗಳಲ್ಲಿ ಬರೆಯುತ್ತೀರಿ. ಆ ಅಕ್ಷರ ಬಾರದವಳು ಏನನ್ನೂ ಕಲಿತಿಲ್ಲವೆಂದು ತಮ್ಮ ಕಚೇರಿ ತೀರ್ಮಾನಿಸಿತು. ಹಿಮ ಬೀಳುವ ಮೊದಲೇ ಅವಳು ಅವನ್ನೆಲ್ಲ ಕಲಿತಳು. ಆದರೂ ಒಂದೊಂದೇ ತರಗತಿ ಹತ್ತಬೇಕಂತೆ; ಏಳನೆಯದನ್ನು ತಲುಪುವ ಹೊತ್ತಿಗೆ ಅವಳಿಗೆ ಹತ್ತೊಂಬತ್ತು. ಭಿನ್ನರಾಶಿಗೂ ಗಡಿ ದಾಟಲು ರಹದಾರಿ ಬೇಕೇ, ಮಾನ್ಯರೇ?

ಬೆಂಚಿನಡಿ ಮೊಣಕಾಲು ಹಿಡಿಸದೆ ಅವಳು ಅಡ್ಡಡ್ಡ ಕೂರುತ್ತಾಳೆ. ದಿನವಿಡೀ ಪುಟ್ಟ ಸಹಪಾಠಿಗಳ ಕೂಗು, “ಅಕ್ಕಾ, ಲೇಸ್ ಕಟ್ಟೇ!” “ಅಕ್ಕಾ, ಇವನ ಮೂಗು ನೋಡೇ!”

ಹಬ್ಬದ ದಿನ ರಟ್ಟಿನ ಕಿರೀಟ ತೊಟ್ಟ ಮಕ್ಕಳನ್ನು ಅವಳೇ ಸಾಲಾಗಿ ನಿಲ್ಲಿಸಿದ್ದಳು. ತಾವು ನೇರ ಅವಳ ಬಳಿ ಬಂದಿರಿ.

“ಭೇಷ್ ಟೀಚರಮ್ಮ! ಏನು ಶಿಸ್ತು!”

“ಸಾಹೇಬ್ರೇ, ನಾನಿಲ್ಲಿ ಓದ್ತಿದೀನಿ.”

“ಓದ್ಲೇಬೇಕಮ್ಮ! ಟೀಚರಾದೋರು ಓದೋದು ನಿಲ್ಲಿಸಬಾರ್ದು!”

ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿದರು. ಅಧಿಕಾರಿಗಳನ್ನು ತಿದ್ದುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ನಿಜವಾದ ಶಿಕ್ಷಕಿ ಗಿಡ್ಡ ಹೆಂಗಸು. ಅಕ್ಷರಪುಸ್ತಕದ ವೇಷದಲ್ಲಿ, ಮುಖವೊಂದನ್ನೇ ಹೊರಗಿಟ್ಟು ನಿಂತಿದ್ದರು. ಅವರ ಕೆನ್ನೆ ತಟ್ಟಿ, “ಜಾಣಮರಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೋ” ಎಂದು ಮಿಠಾಯಿ ಕೊಟ್ಟಿರಿ. ಮೂವತ್ತು ವರ್ಷದ ಸೇವೆಗೆ ಇಲಾಖೆಯಿಂದ ಸಿಕ್ಕ ಮೊದಲ ಬಹುಮಾನವಂತೆ, ಅವರು ತಿಂದೇಬಿಟ್ಟರು.

ನಾನೂ ನಕ್ಕೆ. ಆದರೆ ಮಝಾರ್‌ನಲ್ಲಿ ಭಿನ್ನರಾಶಿಗಳನ್ನು ಬಾಯಲ್ಲೇ ಬಿಡಿಸುತ್ತಿದ್ದವಳಿಗೆ ನಿನ್ನೆ ಒಂದು ಸುಲಭದ ಲೆಕ್ಕ ಕೊಟ್ಟೆ. ಅವಳು ತಲೆಯನ್ನೇ ಎತ್ತಲಿಲ್ಲ.

“ಅದು ದೊಡ್ಡೋರ ಲೆಕ್ಕ ಮಾಮಾ. ನಮ್ಗಿನ್ನೂ ಬಂದಿಲ್ಲ.”

ಆದ್ದರಿಂದ ನವ್ರೂಜ್ ಹೊಸವರ್ಷದ ರಜೆ ಮುಗಿಯುವುದರೊಳಗೆ ಅವಳನ್ನು ಏಳನೇ ತರಗತಿಗೆ ಸೇರಿಸಿ. ಸಂಶಯವಿದ್ದರೆ ತಾವೇ ಬಂದು ಪರೀಕ್ಷೆ ಮಾಡಿ. ಆ ‘ದೊಡ್ಡೋರು’ ತಾನೇ ಎಂದು ಅವಳಿಗೆ ಯಾರಾದರೂ ಹೇಳಬೇಕು. ನಾನು ಹೇಳಿ ನೋಡಿದೆ, ನಂಬಲಿಲ್ಲ. ತಮ್ಮ ಆದೇಶವನ್ನಾದರೂ ನಂಬಿಯಾಳು.

ಇಂತಿ,
ಒಂದನೇ ತರಗತಿಯ ಪೋಷಕರ ಸಭೆಗಳಿಂದ ಬೇಸತ್ತ ಸೋದರಮಾವ,
ಗುಲಾಂ ಸಖಿ