ಸುಲಭರಾಯರ ಹೊಸ ಪರದೆ

ಜುಲೈ ೧೧, ಗುರುವಾರ

ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ನಮ್ಮ ರಕ್ತಪರೀಕ್ಷೆಯ ಲ್ಯಾಬಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ನಾನು ಒಪ್ಪಿ ಸಹಿ ಹಾಕಿದರೆ ಸೋಮವಾರದಿಂದ ಹಳೆಯದು ಬಂದ್. ಹೊಸದನ್ನು ರಚಿಸಿದ ಮಹಾನುಭಾವರಿಗೆ ನಾನಿಟ್ಟ ಹೆಸರು ಸುಲಭರಾಯರು. ಬಾಯಿ ತೆರೆದರೆ ‘ಸುಲಭ’ ಎನ್ನುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇಲ್ಲಿ ಫಲಿತಾಂಶ ಟೈಪ್ ಮಾಡುವವಳು ನಾನು. ಕಣ್ಣು ಚೀಟಿಯ ಮೇಲಿರುತ್ತದೆ. ಪರದೆಯ ಮೇಲೆ ಮುಂದಿನ ಪುಟ ತೆರೆಯುವ ಮೊದಲೇ ಬೆರಳು ಅದರ ಅಂಕಿಗಳನ್ನು ಹೊಡೆದಿರುತ್ತದೆ. ಹಳೆಯ ಸಾಫ್ಟ್‌ವೇರ್ ಅವನ್ನು ಜೋಪಾನವಾಗಿ ಹಿಡಿದಿಟ್ಟು ಸರಿಯಾದ ಜಾಗಕ್ಕೆ ಸೇರಿಸುತ್ತದೆ. ಹೊಸದು ಇವತ್ತಿನ ಪ್ರಯೋಗದಲ್ಲಿ ಒಬ್ಬ ಅಜ್ಜಿಯ ಹಿಮೋಗ್ಲೋಬಿನ್ ಹನ್ನೆರಡನ್ನು ಒಯ್ದು ವಯಸ್ಸಿನ ಜಾಗದಲ್ಲಿ ಕೂರಿಸಿತು. ಅಜ್ಜಿಯನ್ನು ಇನ್ನು ಆರನೇ ಕ್ಲಾಸಿಗೆ ಸೇರಿಸಬಹುದು.

“ನೀವು ತುಂಬಾ ಫಾಸ್ಟ್ ಮೇಡಂ, ಪುಟ ತೆರೆಯೋವರೆಗೆ ಸ್ವಲ್ಪ ಕಾಯಿರಿ,” ಅಂದರು ರಾಯರು. “ಚಿಕ್ಕ ಮಗು ಕೂಡ ಸುಲಭವಾಗಿ ಕಲಿಯುತ್ತೆ.”

“ಹಾಗಾದ್ರೆ ಮಗೂನೇ ಕರ್ಕೊಂಡು ಬನ್ನಿ ಸ್ವಾಮಿ. ಬೆಳಿಗ್ಗೆ ಮುನ್ನೂರು ಚೀಟಿ ಇರುತ್ತೆ, ಹತ್ತಕ್ಕೆಲ್ಲ ಡಾಕ್ಟರು ಕೇಳ್ತಾರೆ.”

ಮ್ಯಾನೇಜರ್ ಕೆಮ್ಮಿದರು. ನಾನು ಕೆಮ್ಮಲಿಲ್ಲ.

ಕಲಿಯುವುದು ಒಂದು ದಿನ ರಾಯರೇ, ದುಡಿಯುವುದು ಹತ್ತೊಂಬತ್ತು ವರ್ಷ. ಆ ಒಂದು ದಿನಕ್ಕೇ ಇಷ್ಟೆಲ್ಲ ಉಪಚಾರವೇ?

ಸಹಿಯ ಜಾಗದಲ್ಲಿ ಬರೆದುಕೊಟ್ಟೆ: ‘ನಾನು ನಿಧಾನ ಮಾಡುವುದಿಲ್ಲ. ನಿಮ್ಮ ಸಾಫ್ಟ್‌ವೇರಿಗೆ ಓಡುವುದನ್ನು ಕಲಿಸಿ.’

ಹಳೆಯದು ಸದ್ಯಕ್ಕೆ ಉಳಿಯಿತು. ಸೋಮವಾರ ರಾಯರು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಾರಂತೆ. ನೋಡಲಿ. ರೆಪ್ಪೆ ಮಿಟುಕಿಸಿದರೆ ಎರಡು ಚೀಟಿ ತಪ್ಪಿಹೋಗುತ್ತವೆ, ಆಮೇಲೆ ನನ್ನನ್ನು ಕೇಳಬಾರದು...