ಹಕ್ಕಿ ಮೇಡಂ ಪ್ರೋಗ್ರಾಮ್ ನಿಂತದ್ದು

ಮಾರ್ಚ್ 4
ನಮ್ಮ ಸಂಶೋಧನಾ ಸಂಸ್ಥೆಯ ಎಲ್ಲ ಸರ್ವರ್‌ಗಳನ್ನೂ ತಾನಾಗಿ ಸಜ್ಜುಗೊಳಿಸಲು ಒಂದೇ ಸ್ಕ್ರಿಪ್ಟ್ — ಬಹುತೇಕ ಬರೆದು ಮುಗಿಯಿತು. ಪ್ರತಿ ಸಂಶೋಧಕರ ಪ್ರೋಗ್ರಾಮಿಗೂ ಅದರದೇ ಪೈಥಾನ್ ತಂತ್ರಾಂಶ, ಒಬ್ಬೊಬ್ಬರಿಗೂ ಬೇರೆ ಕೋಣೆ ಕೊಟ್ಟ ಹಾಗೆ. ಒಬ್ಬರ ಮನೆ ಜಗಳ ಪಕ್ಕದವರಿಗೆ ತಾಗಬಾರದು. ಇನ್ನು ಕೈಯಿಂದ ಒಂದೊಂದಾಗಿ ಮಾಡುವ ಕಾಲ ಹೋಯಿತು ಎಂದು ಮುಖ್ಯಸ್ಥರ ಮುಂದೆ ಬೀಗಿ ಬಂದಿದ್ದೇನೆ.
ಹಕ್ಕಿ ಮೇಡಂ ಬಂದಿದ್ದರು. ಕಾಡಿನ ರೆಕಾರ್ಡಿಂಗ್ ಕೇಳಿ ಯಾವ ಹಕ್ಕಿ ಕೂಗಿತು ಎಂದು ಗುರುತಿಸುವ ಪ್ರೋಗ್ರಾಮ್ ಅವರದು. ವಾರಗಟ್ಟಲೆಯಿಂದ ಓಡುತ್ತಿದೆ.
"ನಂದನ್ನ ಮುಟ್ಟಲ್ಲ ತಾನೆ?"
"ಮುಗಿಯೋ ತನಕ ಮುಟ್ಟಲ್ಲ ಮೇಡಂ, ನಿಶ್ಚಿಂತೆಯಾಗಿರಿ."

ಮಾರ್ಚ್ 5
ಮುಟ್ಟಿದೆ.
ಪರೀಕ್ಷೆಗೆಂದು ಇಟ್ಟ ಸರ್ವರ್ ಮೇಲೆ ಮಾತ್ರ ಓಡಿಸಬೇಕಿತ್ತು. ಅದರ ಹೆಸರು ಹಾಕದೆ ಎಂಟರ್ ಒತ್ತಿದೆ... ಎಲ್ಲದರ ಮೇಲೂ ಹೋಯಿತು. ಹಳೆಯದನ್ನು ಅಳಿಸು, ಹೊಸದು ಕಟ್ಟು ಎಂದು ಬರೆದವನೂ ನಾನೇ. ಆಗ ಓಡುತ್ತಿದ್ದದ್ದು ಮೇಡಂ ಪ್ರೋಗ್ರಾಮ್ ಒಂದೇ, ಅವರ ಫಲಿತಾಂಶಗಳೂ ಅಳಿಸಿದ್ದರೊಳಗೇ ಇದ್ದವು. ಬ್ಯಾಕಪ್ ಇಲ್ಲ. ಪರದೆ ತುಂಬ ಹಸಿರು ಬಣ್ಣದಲ್ಲಿ ಓಕೆ, ಓಕೆ.
ಮೇಡಂ ಫೋನ್ ಮಾಡಿದರು. ಪ್ರೋಗ್ರಾಮ್ ನಿಂತಿದೆ, ಫೈಲುಗಳೂ ಇಲ್ಲ, ಕೋಡ್‌ನಲ್ಲಿ ತಾವೇ ಏನೋ ಎಡವಟ್ಟು ಮಾಡಿರಬೇಕು ಎಂದರು.
"ಇರಬಹುದು" ಎಂದೆ.

ಮಾರ್ಚ್ 8
ಮೀಟಿಂಗ್. ತಮ್ಮ ಎಡವಟ್ಟಿನಿಂದ ಫಲಿತಾಂಶಗಳು ಹೋದವು ಎಂದು ಮೇಡಂ ಹೇಳಿದರು. ಈ ವಯಸ್ಸಿನಲ್ಲಿ ಕೋಡ್ ಬರೆಯುವ ಹಟ ಯಾಕೆ, ಗೊತ್ತಿರುವವರಿಗೆ ಬಿಡಿ ಎಂದು ಮುಖ್ಯಸ್ಥರು ಎಲ್ಲರೆದುರು ಮೇಡಂಗೆ ಅಂದರು. ಯಾರೋ ನಕ್ಕರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ನಾನು ಲ್ಯಾಪ್‌ಟಾಪಿನಲ್ಲಿ ತಲೆ ಹುದುಗಿಸಿ ಕೂತೆ.
ಮುಖ ಯಾಕೆ ಇಂಗು ತಿಂದ ಮಂಗನ ಹಾಗಿದೆ ಎಂದು ಹೆಂಡತಿ ಕೇಳಿದಳು. ತಲೆನೋವು ಎಂದೆ. ಅವಳಿಗೂ ಸುಳ್ಳು.

ಮಾರ್ಚ್ 19
ಬರೆಯಲು ಮನಸ್ಸೇ ಬರಲಿಲ್ಲ. ಮೇಡಂ ಎದುರಾಗಬಾರದೆಂದು ಹಿಂದಿನ ಮೆಟ್ಟಿಲಲ್ಲಿ ಓಡಾಡುತ್ತಿದ್ದೆ. ಇವತ್ತು ಅಲ್ಲೇ ಸಿಕ್ಕರು. ಹೇಳಿಬಿಟ್ಟೆ. ಪೂರ್ತಿ ಕೇಳಿಸಿಕೊಂಡರು.
"ನಂಗ್ಯಾಕೆ ಹೇಳ್ತಿದ್ದೀರಿ? ನನ್ನ ಮರ್ಯಾದೆ ಹೋಗಿದ್ದು ಮೆಟ್ಟಿಲ ಮೇಲಲ್ಲ."
ಇಳಿದು ಹೋದರು. ಭಾರ ಇಳಿಸಿಕೊಳ್ಳಲು ಹೋಗಿದ್ದೆ... ಅವರ ತಲೆ ಮೇಲೇ.

ಮಾರ್ಚ್ 22
ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳಿದೆ. ಮುಖ್ಯಸ್ಥರು ನೀರಿಳಿಸಿದರು. ಇನ್ನು ಸರ್ವರ್‌ಗಳಿಗೆ ಕೈ ಹಚ್ಚುವಂತಿಲ್ಲ. ಮೇಡಂಗೆ ಮಾತ್ರ ಅವರು ಕ್ಷಮಿಸಿ ಎಂದೂ ಹೇಳಲಿಲ್ಲ.
ಸಂಜೆ ಮೇಡಂ ಟೇಬಲ್ಲಿಗೆ ಹೋದೆ. ಮತ್ತೆ ಮೊದಲಿಂದ ವಾರಗಟ್ಟಲೆ ಓಡಿಸಲು ಸಮಯವಿಲ್ಲವಂತೆ. ಮುಖ್ಯವಾದ ಕೆಲವು ರೆಕಾರ್ಡಿಂಗ್‌ಗಳನ್ನಷ್ಟೇ ತಾವೇ ಕೇಳಿ ಗುರುತು ಹಾಕುತ್ತಿದ್ದರು. ನಾನೂ ಕೂರಲೇ ಎಂದೆ. ಇತ್ತ ತಿರುಗದೆ, ಇನ್ನೊಂದು ಹೆಡ್‌ಫೋನ್ ನನ್ನ ಕಡೆ ತಳ್ಳಿದರು. ಹಾಕಿಕೊಂಡೆ.
ಬರೀ ಗಾಳಿ. ಎಲೆಗಳ ಸದ್ದು. ಆಮೇಲೆ ದೂರದಲ್ಲಿ ಎಲ್ಲೋ—